ಕರ್ನಲ್ ಬರೆಯಲು ಜಿಸಿಸಿ ನಂಬಬಹುದಾ, ಕ್ಲ್ಯಾಂಗ್‌ಗೆ ಹೋಗಬೇಕಾ?

ಬೂಟ್‌ಸೆಕ್ಟರ್:
ನಮಸ್ಕಾರ. 64 ಬಿಟ್ ಇಂಟೆಲ್ ಪ್ರೊಸೆಸರ್‌ಗೆ ಸಿ ಭಾಷೆಯಲ್ಲಿ ಒಂದು ಪುಟ್ಟ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಬರೆಯುತ್ತಿದ್ದೇನೆ. ಕಂಪೈಲರ್ (ಸಿ ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಪ್ರೋಗ್ರಾಂ) ಉಬುಂಟು ಲಿನಕ್ಸ್ ಜೊತೆ ಬರುವ ಜಿಸಿಸಿಯೇ. ಕ್ಯೂಎಮು ಅನ್ನೋ ಎಮ್ಯುಲೇಟರ್‌ನಲ್ಲಿ (ಸಾಫ್ಟ್‌ವೇರ್ ರೂಪದ ಕಂಪ್ಯೂಟರ್) ಬೂಟ್ ಆಗುತ್ತದೆ, ಪರದೆ ಮೇಲೆ ಅಕ್ಷರವೂ ಬರುತ್ತದೆ. ಆದರೆ ಟೈಮರ್ ಇಂಟರಪ್ಟ್ (ಪ್ರೊಸೆಸರ್‌ನ ಕೆಲಸವನ್ನು ಆಗಾಗ ತಡೆಯುವ ಸಂಕೇತ) ಆನ್ ಮಾಡಿದ ಮೇಲೆ ಸಣ್ಣ ಸಣ್ಣ ಫಂಕ್ಷನ್‌ಗಳಲ್ಲಿ ಲೋಕಲ್ ವೇರಿಯಬಲ್‌ಗಳ ಬೆಲೆ ಆಗಾಗ ತಾನಾಗಿಯೇ ಬದಲಾಗುತ್ತದೆ, ಇಂಟರಪ್ಟ್ ನೋಡಿಕೊಳ್ಳುವ ಹ್ಯಾಂಡ್ಲರ್‌ನಲ್ಲಿ ರಿಜಿಸ್ಟರ್ (ಪ್ರೊಸೆಸರ್ ಒಳಗಿನ ಪುಟ್ಟ ಮೆಮೊರಿ) ಎಲ್ಲಾ ಉಳಿಸಿದ್ದರೂ. ಆಪ್ಟಿಮೈಸೇಶನ್ ತೆಗೆದರೆ ಕಾಟ ಇನ್ನೂ ಜಾಸ್ತಿ! ಇದು ಜಿಸಿಸಿ ಬಗ್, ಕ್ಲ್ಯಾಂಗ್ ಅನ್ನೋ ಇನ್ನೊಂದು ಕಂಪೈಲರ್ ಹಾಕು ಅಂತಾನೆ ಗೆಳೆಯ. ನಿಜವಾ?

ಹಳೇಟರ್ಮಿನಲ್:
ಬಗ್ ಅಲ್ಲ, ರೆಡ್ ಝೋನ್. ಲಿನಕ್ಸ್ ಎಬಿಐ (ಕಂಪೈಲ್ ಆದ ಕೋಡ್ ಪಾಲಿಸುವ ನಿಯಮ) ಪ್ರಕಾರ ಸ್ಟ್ಯಾಕ್ ಪಾಯಿಂಟರ್‌ನ (ಫಂಕ್ಷನ್‌ಗಳ ತಾತ್ಕಾಲಿಕ ಮೆಮೊರಿಯಾದ ಸ್ಟ್ಯಾಕ್‌ನ ತುದಿ ತೋರುವ ವಿಳಾಸ) ಕೆಳಗಿನ 128 ಬೈಟ್‌ಗಳನ್ನು, ಅಂದರೆ ಈ ರೆಡ್ ಝೋನನ್ನು, ಯಾರೂ ಮುಟ್ಟಬಾರದು. ಹಾಗಾಗಿ ಬೇರೆ ಯಾರನ್ನೂ ಕರೆಯದ ಫಂಕ್ಷನ್ ತನ್ನ ವೇರಿಯಬಲ್‌ಗಳನ್ನು ಅಲ್ಲೇ ಇಡುತ್ತದೆ, ಪಾಯಿಂಟರ್ ಇಳಿಸುವ ಗೋಜಿಗೇ ಹೋಗಲ್ಲ. ಕರ್ನಲ್ ಒಳಗೆ ಇಂಟರಪ್ಟ್ ಬಂದರೆ ಪ್ರೊಸೆಸರ್ ಅದೇ ಸ್ಟ್ಯಾಕ್ ಮೇಲೆ ಐದು ಬೆಲೆ, ಅಂದರೆ 40 ಬೈಟ್, ತಳ್ಳುತ್ತದೆ. ನಿಮ್ಮ ವೇರಿಯಬಲ್ ಅಲ್ಲೇ ಇತ್ತಲ್ವಾ, ಹೋಯ್ತು. ಆಪ್ಟಿಮೈಸೇಶನ್ ಇಲ್ಲದಿದ್ದಾಗ ವೇರಿಯಬಲ್ ಎಲ್ಲಾ ಸ್ಟ್ಯಾಕ್ ಮೇಲೇ ಇರುವುದರಿಂದ ಕಾಟ ಜಾಸ್ತಿ. ಕ್ಲ್ಯಾಂಗ್ ಕೂಡ ಇದನ್ನೇ ಮಾಡುತ್ತದೆ. ಎರಡರಲ್ಲೂ ನೋ-ರೆಡ್-ಝೋನ್ ಫ್ಲ್ಯಾಗ್ ಕೊಡಬೇಕು.

ಇನ್ನು ಉಬುಂಟು ಜಿಸಿಸಿ ತಯಾರಾಗಿರುವುದು ಲಿನಕ್ಸ್ ಮೇಲೆ ಓಡುವ ಪ್ರೋಗ್ರಾಂಗಳಿಗೆ. ಸುಮ್ನೆ ಬಿಟ್ಟರೆ ಪಿಐಇ (ಯಾವ ವಿಳಾಸದಲ್ಲಾದರೂ ಓಡುವಂಥ ಕೋಡ್) ಹಾಕುತ್ತದೆ, ಸ್ಟ್ಯಾಕ್ ಪ್ರೊಟೆಕ್ಟರ್ (ಸ್ಟ್ಯಾಕ್ ಕೆಟ್ಟಿತಾ ಅಂತ ನೋಡುವ ಕೋಡ್) ಹಾಕುತ್ತದೆ, ನಿಮ್ಮ ಹತ್ತಿರ ಇಲ್ಲದ ಲೈಬ್ರರಿ ಇದೆ ಅಂದುಕೊಳ್ಳುತ್ತದೆ. ಇಎಲ್ಎಫ್ (ಪ್ರೋಗ್ರಾಂ ಫೈಲ್‌ನ ಒಂದು ರೂಪ) ಟಾರ್ಗೆಟ್‌ಗೆ ಒಂದು ಕ್ರಾಸ್ ಕಂಪೈಲರ್ (ಬೇರೆ ಸಿಸ್ಟಮ್‌ಗೆ ಕೋಡ್ ತಯಾರಿಸುವ ಕಂಪೈಲರ್) ಬಿಲ್ಡ್ ಮಾಡಿಕೊಳ್ಳಿ. ಜೊತೆಗೆ ಬರುವ ಸಹಾಯಕ ಲೈಬ್ರರಿ ಲಿಬ್‌ಜಿಸಿಸಿಯನ್ನೂ ರೆಡ್ ಝೋನ್ ಇಲ್ಲದೆ ಕಟ್ಟಬೇಕು, ಇದನ್ನು ಎಲ್ಲರೂ ಮರೀತಾರೆ.

ಎಲ್‌ಎಲ್‌ಡಿಭಕ್ತ:
ಕ್ರಾಸ್ ಕಂಪೈಲರ್ ಕಟ್ಟುವ ಬೇಜಾರೇ ಬೇಡ ಅಂದ್ರೆ ಕ್ಲ್ಯಾಂಗ್ ವಾಸಿ. ಟಾರ್ಗೆಟ್ ಹೆಸರು ಕೊಟ್ಟರೆ ಸಾಕು, ಒಂದೇ ಕಂಪೈಲರ್ ಬೈನರಿ ಆರ್ಮ್ ಪ್ರೊಸೆಸರ್‌ಗೂ ಆಗುತ್ತದೆ, ರಿಸ್ಕ್-ಫೈವ್‌ಗೂ ಆಗುತ್ತದೆ. ನಂಬಿಕೆ ಪ್ರಶ್ನೆಯಾದರೆ, ಫ್ರೀಬಿಎಸ್‌ಡಿ ಆಪರೇಟಿಂಗ್ ಸಿಸ್ಟಮ್‌ನಲ್ಲಿ 2014ರ 10ನೇ ಆವೃತ್ತಿಯಿಂದ ಇಂಟೆಲ್ ಮೇಲೆ ಕ್ಲ್ಯಾಂಗೇ ಡೀಫಾಲ್ಟ್. ಆದರೆ ಅವರು ಜಿಸಿಸಿ ಕೆಟ್ಟದ್ದು ಅಂತ ಬಿಟ್ಟಿದ್ದಲ್ಲ. ಹೊಸ ಜಿಸಿಸಿಯ ಜಿಪಿಎಲ್ 3 ಲೈಸೆನ್ಸ್ ಒಗ್ಗದೆ ಜಿಸಿಸಿ 4.2.1ರಲ್ಲೇ ನಿಂತುಬಿಟ್ಟಿದ್ದರು.

ಗಾಳಿಗಂಟು:
ಗೆಳೆಯನ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಜಿಸಿಸಿ 4.9.0 ನಿಜವಾಗಿಯೂ ಎಡವಿತ್ತು. 2014ರಲ್ಲಿ ಲಿನಕ್ಸ್ ಶೆಡ್ಯೂಲರ್‌ನ (ಯಾವ ಕೆಲಸ ಯಾವಾಗ ಓಡಬೇಕು ಅಂತ ನಿರ್ಧರಿಸುವ ಭಾಗ) ಲೋಡ್ ಬ್ಯಾಲೆನ್ಸ್ ಫಂಕ್ಷನ್‌ನಲ್ಲಿ, ರೆಡ್ ಝೋನ್ ಬೇಡ ಅಂತ ಹೇಳಿದ್ದರೂ, ಪಾಯಿಂಟರ್ ಇಳಿಸುವ ಮೊದಲೇ ಅದರ ಕೆಳಗೆ ಬೆಲೆ ಬರೆದಿತ್ತು. ಲಿನಕ್ಸ್ ಸೃಷ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಅದನ್ನು ಹಿಡಿದದ್ದು ಅಸೆಂಬ್ಲಿ ಓದಿ. ನೀವೂ ಆಬ್ಜ್‌ಡಂಪ್ (ಅಸೆಂಬ್ಲಿ ತೋರಿಸುವ ಟೂಲ್) ಹಾಕಿ ಆ ಸಣ್ಣ ಫಂಕ್ಷನ್ ನೋಡಿ. ಫ್ಲ್ಯಾಗ್ ಕೊಟ್ಟ ಮೇಲೂ ಆರ್‌ಎಸ್‌ಪಿಯಿಂದ (ಅದೇ ಸ್ಟ್ಯಾಕ್ ಪಾಯಿಂಟರ್) ಕಳೆದ ವಿಳಾಸಕ್ಕೆ ಬರೆಯುತ್ತಿದ್ದರೆ ಆಗ ಕಂಪೈಲರ್‌ಗೆ ಬೈಯೋಣ. ಆಗತಾನೇ ಬಂದ ಹೊಸ ಆವೃತ್ತಿಗೆ ನಾನಂತೂ ಕೈ ಹಾಕಲ್ಲ.

ಬೂಟ್‌ಸೆಕ್ಟರ್:
ಫ್ಲ್ಯಾಗ್ ಹಾಕಿದೆ, ವೇರಿಯಬಲ್ ಕಾಟ ನಿಂತಿತು. ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಈಗ ಓ2 (ಆಪ್ಟಿಮೈಸೇಶನ್ ಮಟ್ಟ) ಕೊಟ್ಟರೆ ನಾನೇ ಬರೆದ ಮೆಮ್‌ಸೆಟ್ (ಮೆಮೊರಿಗೆ ಒಂದೇ ಬೆಲೆ ತುಂಬುವ ಫಂಕ್ಷನ್) ಸ್ಟ್ಯಾಕ್ ಎಲ್ಲಾ ತಿಂದು ಸಾಯುತ್ತಿದೆ. ಅದರೊಳಗೆ ಇರುವುದು ಒಂದೇ ಒಂದು ಲೂಪ್!

ಹಳೇಟರ್ಮಿನಲ್:
ಆ ಲೂಪ್ ನೋಡಿ ಜಿಸಿಸಿ, ಓಹೋ ಇದು ಮೆಮ್‌ಸೆಟ್ ಮಾಡೋ ಕೆಲಸ ಅಂತ ಗುರುತಿಸಿ ಅಲ್ಲಿಗೆ ಮೆಮ್‌ಸೆಟ್ ಕರೆಯನ್ನೇ ಹಾಕಿರುತ್ತದೆ. ಅಂದರೆ ಅದು ತನ್ನನ್ನೇ ಕರೆದುಕೊಳ್ಳುತ್ತಿದೆ. ಆ ಫೈಲ್‌ಗೆ ಮಾತ್ರ ಟ್ರೀ-ಲೂಪ್-ಡಿಸ್ಟ್ರಿಬ್ಯೂಟ್-ಪ್ಯಾಟರ್ನ್ಸ್ ಅನ್ನೋ ಆಪ್ಟಿಮೈಸೇಶನ್ ಆಫ್ ಮಾಡಿ.