ಕೂಡಿಗೆಯ ಪ್ರಶ್ನೆಗೆ ಉತ್ತರಿಸಬೇಕಾದವರು ಯಾರು? ಶಾಸಕರ ಪ್ರಶ್ನೆ, ಸಚಿವರ ಉತ್ತರದ ಬಗ್ಗೆ ಪ್ರಶ್ನೋತ್ತರ

(ವಿಧಾನಮಂಡಲ ಸಚಿವಾಲಯದ ಪ್ರಶ್ನೆಗಳ ಶಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾಗಿ, ಈಗ ವಿರಾಜಪೇಟೆಯಲ್ಲಿ ನೆಲೆಸಿರುವ ನಮ್ಮ ಗುಂಪಿನ ಹಿರಿಯ ಸದಸ್ಯರು ಈ ವಾರದ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಸರ್, ನಮಸ್ಕಾರ. ನಾನು ಸೋಮವಾರಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ನಮ್ಮಲ್ಲಿ ಮೂವತ್ತೆಂಟು ಮಕ್ಕಳಿದ್ದಾರೆ, ಅವರಲ್ಲಿ ಹೆಚ್ಚಿನವರು ತೋಟದ ಲೈನ್‌ಮನೆಗಳಿಂದ ಬರುವವರು. ಕಾಯಂ ಶಿಕ್ಷಕರು ಒಬ್ಬರೇ ಉಳಿದಿದ್ದಾರೆ. ಶಾಸಕರೊಬ್ಬರಿಗೆ ಮನವಿ ಕೊಟ್ಟು, ಶಿಕ್ಷಕರ ಕೊರತೆಯ ಬಗ್ಗೆಯೂ ಕೂಡಿಗೆಯ ಸೈನಿಕ ಶಾಲೆಯ ಪ್ರವೇಶದ ಬಗ್ಗೆಯೂ ಸದನದಲ್ಲಿ ಕೇಳಬೇಕೆಂದು ಕೋರಿದ್ದೆವು. ಮೊದಲನೆಯದಕ್ಕೆ "ನಿಯಮಾನುಸಾರ ಕ್ರಮ ವಹಿಸಲಾಗುತ್ತಿದೆ" ಎಂಬ ಉತ್ತರ ಬಂತು. ಎರಡನೆಯದು ಸದನಕ್ಕೇ ಬರಲಿಲ್ಲ, ಅದು ರಾಜ್ಯಕ್ಕೆ ಸಂಬಂಧಿಸಿದ್ದಲ್ಲವೆಂದು ಹೇಳಿದರು. ಶಾಲೆಯ ವಿಷಯ ಶಿಕ್ಷಣ ಸಚಿವರದ್ದೇ ಅಲ್ಲವೇ?

ಉತ್ತರ: ನಮಸ್ಕಾರ ಮೇಡಂ. ನಿಮ್ಮ ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಈ ಗೊಂದಲ ನಮ್ಮ ಕೊಡಗು ಜಿಲ್ಲೆಯಲ್ಲಿ ಇರುವಷ್ಟು ಬೇರೆಡೆ ಇರಲಾರದು.

ಮೂರು ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಒಂದು ನಿಮ್ಮ ಊರಿನ ಸರ್ಕಾರಿ ಶಾಲೆ, ಅದಕ್ಕೆ ರಾಜ್ಯದ ಶಾಲಾ ಶಿಕ್ಷಣ ಸಚಿವರು ವಿಧಾನಸಭೆಯಲ್ಲೋ ವಿಧಾನಪರಿಷತ್ತಿನಲ್ಲೋ ಉತ್ತರಿಸುತ್ತಾರೆ. ಎರಡನೆಯದು ಗಾಳಿಬೀಡಿನ ಜವಾಹರ್ ನವೋದಯ ವಿದ್ಯಾಲಯ, ಅದು ಕೇಂದ್ರದ ಶಿಕ್ಷಣ ಸಚಿವಾಲಯಕ್ಕೆ ಸೇರಿದ್ದರಿಂದ ಸಂಸತ್ತಿನಲ್ಲಿ ಕೇಂದ್ರ ಶಿಕ್ಷಣ ಸಚಿವರನ್ನು ಕೇಳಬೇಕು. ಮೂರನೆಯದು 2007ರಲ್ಲಿ ಕೂಡಿಗೆಯಲ್ಲಿ ಆರಂಭವಾದ ಸೈನಿಕ ಶಾಲೆ. ಅಲ್ಲಿ ನಡೆಯುವುದು ಪಾಠವೇ ಆದರೂ, ಅದನ್ನು ನಡೆಸುವ ಸೈನಿಕ ಶಾಲೆಗಳ ಸೊಸೈಟಿಯು ರಕ್ಷಣಾ ಸಚಿವಾಲಯದ ಅಧೀನದಲ್ಲಿರುವುದರಿಂದ, ಅಲ್ಲಿನ ಪ್ರವೇಶದ ಬಗ್ಗೆ ಉತ್ತರಿಸುವವರು ರಕ್ಷಣಾ ಸಚಿವರು ಅಥವಾ ರಕ್ಷಣಾ ಖಾತೆಯ ರಾಜ್ಯ ಸಚಿವರು. ಆ ಪ್ರಶ್ನೆಯನ್ನು ಸಂಸದರು ಕೇಳಬೇಕೇ ಹೊರತು ಶಾಸಕರಲ್ಲ.

ಇದರ ಹಿಂದೆ ಕೇಂದ್ರ ಮತ್ತು ರಾಜ್ಯಗಳ ನಡುವೆ ವಿಷಯಗಳನ್ನು ಹಂಚುವ ಸಂವಿಧಾನದ ಏಳನೆಯ ಅನುಸೂಚಿ ಇದೆ. ರಕ್ಷಣೆ ಕೇಂದ್ರ ಪಟ್ಟಿಯ ಮೊದಲನೆಯ ವಿಷಯವಾಗಿದ್ದು, ರಾಜ್ಯದ ಸದನದಲ್ಲಿ ಅದಕ್ಕೆ ಉತ್ತರಿಸುವ ಸಚಿವರೇ ಇರುವುದಿಲ್ಲ. ಶಿಕ್ಷಣ ಮೊದಲು ರಾಜ್ಯ ಪಟ್ಟಿಯಲ್ಲಿತ್ತು, 1976ರ 42ನೆಯ ತಿದ್ದುಪಡಿಯಿಂದ ಸಮವರ್ತಿ ಪಟ್ಟಿಗೆ ಬಂತು, ಆದ್ದರಿಂದ ಎರಡೂ ಕಡೆ ಕೇಳಲು ಅವಕಾಶವಿದೆ. ಆದರೂ ಸೈನಿಕ ಶಾಲೆಯ ವಿಷಯದಲ್ಲಿ ಶಾಸಕರಿಗೆ ಒಂದು ಕಿಂಡಿ ಉಳಿದಿದೆ. ಇಂತಹ ಶಾಲೆಗಳಿಗೆ ಜಾಗ ಮತ್ತು ಕಟ್ಟಡ ಒದಗಿಸುವ ಹೊಣೆಯನ್ನು ರಾಜ್ಯ ಸರ್ಕಾರ ಹೊತ್ತಿರುವುದರಿಂದ, ಆ ಬಾಬ್ತಿನಲ್ಲಿ ರಾಜ್ಯ ಎಷ್ಟು ಅನುದಾನ ಕೊಟ್ಟಿದೆ, ಎಷ್ಟು ಬಾಕಿ ಇದೆ ಎಂದು ವಿಧಾನಸಭೆಯಲ್ಲಿ ಕೇಳಲು ಅಡ್ಡಿಯಿಲ್ಲ. ನಿಮ್ಮ ಮನವಿಯಲ್ಲಿ ಪ್ರವೇಶದ ವಿಷಯ ಮಾತ್ರ ಇದ್ದುದರಿಂದ ಅದು ಅಲ್ಲಿಗೇ ನಿಂತಿತು.

ಈಗ ಮೊದಲನೆಯ ಪ್ರಶ್ನೆ. "ನಿಯಮಾನುಸಾರ ಕ್ರಮ ವಹಿಸಲಾಗುತ್ತಿದೆ" ಎಂಬ ಉತ್ತರವನ್ನು ಓದಿ ನಿಮಗಾದ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಸೇವೆಯಲ್ಲಿ ಇಂತಹ ನೂರಾರು ಹಾಳೆಗಳನ್ನು ನೋಡಿದ ಮೇಲೆ ನನಗೆ ಮನವರಿಕೆಯಾದ ಸಂಗತಿಯೆಂದರೆ, ಉತ್ತರ ಎಷ್ಟು ಬಿಗಿಯಾಗಿರಬೇಕೆಂಬುದನ್ನು ಬಹುಪಾಲು ಪ್ರಶ್ನೆಯೇ ನಿರ್ಧರಿಸಿಬಿಟ್ಟಿರುತ್ತದೆ.

ನಮ್ಮ ಸದನದ ಲಿಖಿತ ಉತ್ತರವನ್ನು ನೀವು ನೋಡಿರಬಹುದು. ಮೇಲೆ ಸದಸ್ಯರ ಹೆಸರು, ಉತ್ತರಿಸುವ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಎರಡು ಕಾಲಮ್ಮಿನ ಕೋಷ್ಟಕ. ಎಡಗಡೆ ಅ), ಆ), ಇ) ಎಂದು ಪ್ರಶ್ನೆಯ ಭಾಗಗಳು, ಬಲಗಡೆ ಅವುಗಳಿಗೆ ಎದುರಾಗಿ ಉತ್ತರ, ಕೊನೆಯಲ್ಲಿ ಕಡತದ ಸಂಖ್ಯೆ. ಎಡಗಡೆ "ಶಿಕ್ಷಕರ ಕೊರತೆ ಸರ್ಕಾರದ ಗಮನಕ್ಕೆ ಬಂದಿದೆಯೇ?" ಎಂದಿದ್ದರೆ ಬಲಗಡೆ "ಬಂದಿದೆ" ಎಂಬ ಒಂದೇ ಪದ ಬರೆದರೂ ಉತ್ತರ ಪೂರ್ಣವಾಗುತ್ತದೆ. "ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು?" ಎಂಬುದಕ್ಕೆ ನೀವು ಓದಿದ ಆ ವಾಕ್ಯ ಸಾಕಾಗುತ್ತದೆ. "ಗಮನಕ್ಕೆ ಬಂದಿಲ್ಲ" ಎಂದು ಅ) ಭಾಗದಲ್ಲೇ ಬರೆದುಬಿಟ್ಟರೆ, ಉಳಿದ ಭಾಗಗಳೆಲ್ಲಕ್ಕೂ "ಉದ್ಭವಿಸುವುದಿಲ್ಲ" ಎಂದು ಬರೆಯಲು ದಾರಿಯಾಗುತ್ತದೆ. ಆದ್ದರಿಂದ "ಗಮನಕ್ಕೆ ಬಂದಿದೆಯೇ" ಎಂದು ಆರಂಭಿಸುವ ಅಭ್ಯಾಸವನ್ನು ನಾವು ಬಿಡಬೇಕೆಂದು ನಾನು ಹಲವರಿಗೆ ಹೇಳಿದ್ದೇನೆ. ಸಂಖ್ಯೆಯನ್ನು ಕೇಳಿ, ಅವಧಿಯನ್ನು ಕೇಳಿ, ಊರನ್ನು ಹೆಸರಿಸಿ ಕೇಳಿ.

ನಿಮ್ಮ ವಿಷಯದಲ್ಲಿ ಕಾನೂನಿನ ಬೆಂಬಲವೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಲೇಬೇಕು. 61ರಿಂದ 90ರವರೆಗೆ ಮೂವರು. ನಿಮ್ಮಲ್ಲಿ ಮೂವತ್ತೆಂಟು ಮಕ್ಕಳಿಗೆ ಒಬ್ಬರೇ ಕಾಯಂ ಶಿಕ್ಷಕರು. ಇದನ್ನು ಕೊರತೆ ಎಂದು ಬಣ್ಣಿಸುವ ಬದಲು, ಅನುಸೂಚಿಯನ್ನು ಉಲ್ಲೇಖಿಸಿ ಅಂಕಿಯನ್ನು ಎದುರಿಗಿಟ್ಟರೆ ಉತ್ತರಿಸುವವರು ನುಣುಚಿಕೊಳ್ಳುವುದು ಕಷ್ಟ.

ಪ್ರಶ್ನೆ: ನಾನು ಪೊನ್ನಂಪೇಟೆ ಕಡೆಯವನು, ನಿವೃತ್ತ ಸುಬೇದಾರ್. ಮಾಜಿ ಸೈನಿಕರ ಇಸಿಎಚ್‌ಎಸ್ ಚಿಕಿತ್ಸಾಲಯಗಳಲ್ಲಿ ಔಷಧಿ ಸಮಯಕ್ಕೆ ಸಿಗದಿರುವ ಬಗ್ಗೆ ಸಂಸದರೊಬ್ಬರ ಕಚೇರಿಗೆ ಬರೆದಿದ್ದೆವು. ಲಿಖಿತ ಉತ್ತರದಲ್ಲಿ "ಮಾಹಿತಿ ಸಂಗ್ರಹಿಸಲಾಗುತ್ತಿದ್ದು, ಸದನದ ಮೇಜಿನ ಮೇಲಿಡಲಾಗುವುದು" ಎಂದಿದೆ. ಇದು ಕೈತೊಳೆದುಕೊಂಡ ಹಾಗೆಯೇ? ಇನ್ನೊಂದು ಮಾತು: ಸೇನೆಯ ವಿಷಯ ಕೇಳಿದರೆ ಭದ್ರತೆಯ ಕಾರಣ ಹೇಳಿ ಉತ್ತರ ಕೊಡದೆ ಇರಬಹುದೇ?

ಉತ್ತರ: ಸುಬೇದಾರರೇ, ಮೊದಲನೆಯದಕ್ಕೆ ಸಮಾಧಾನದ ಉತ್ತರವಿದೆ. ಆ ವಾಕ್ಯ ನೋಡಲು ಹಿಂಜರಿಕೆಯಂತೆ ಕಂಡರೂ, ಸಂಸತ್ತಿನ ಭಾಷೆಯಲ್ಲಿ ಅದೊಂದು ಭರವಸೆ. ಸಚಿವರು ಸದನದಲ್ಲಿ ಹೀಗೆ ಹೇಳಿದ ಮಾತುಗಳನ್ನು ಗುರುತಿಸಿ, ಅವು ಈಡೇರಿದವೇ ಎಂದು ಬೆನ್ನು ಹತ್ತುವುದಕ್ಕಾಗಿಯೇ ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ, ರಾಜ್ಯಸಭೆಯಲ್ಲೂ ನಮ್ಮ ವಿಧಾನಮಂಡಲದಲ್ಲೂ ಅಂತಹದೇ ಸಮಿತಿಗಳಿವೆ. ಸಂಸತ್ತಿನಲ್ಲಿ ಭರವಸೆಯನ್ನು ಮೂರು ತಿಂಗಳೊಳಗೆ ಈಡೇರಿಸಬೇಕು, ಆಗದಿದ್ದರೆ ಸಚಿವಾಲಯ ಕಾರಣ ಕೊಟ್ಟು ಕಾಲಾವಕಾಶ ಕೇಳಬೇಕು. ಆದ್ದರಿಂದ ಆ ಹಾಳೆಯನ್ನು ಎಸೆಯಬೇಡಿ. ಪ್ರಶ್ನೆಯ ಸಂಖ್ಯೆ ಮತ್ತು ಉತ್ತರಿಸಿದ ದಿನಾಂಕವನ್ನು ಬರೆದಿಟ್ಟುಕೊಂಡು, ಮೂರು ತಿಂಗಳು ತುಂಬಿದ ಮೇಲೆ ಅದೇ ಕಚೇರಿಗೆ ಮತ್ತೊಂದು ಪತ್ರ ಬರೆಯಿರಿ. ಹಲವು ಮನವಿಗಳು ಸೋಲುವುದು ಇಲ್ಲಿಯೇ: ಮೊದಲ ಪತ್ರಕ್ಕೆ ಇರುವ ಉತ್ಸಾಹ ಎರಡನೆಯದಕ್ಕೆ ಇರುವುದಿಲ್ಲ.

ಔಷಧಿಯ ವಿಷಯದಲ್ಲಿ ಭದ್ರತೆಯ ಕಾರಣ ಹೇಳುವಂತಿಲ್ಲ. 2003ರಲ್ಲಿ ಆರಂಭವಾದ ಈ ಆರೋಗ್ಯ ಯೋಜನೆ ರಕ್ಷಣಾ ಸಚಿವಾಲಯದ ಮಾಜಿ ಸೈನಿಕರ ಕಲ್ಯಾಣ ವಿಭಾಗಕ್ಕೆ ಸೇರಿದ್ದು, ಅದರ ಅನುದಾನ, ವೈದ್ಯರ ಹುದ್ದೆಗಳು, ಬಾಕಿ ಬಿಲ್ಲುಗಳ ಬಗ್ಗೆ ಸಂಸತ್ತಿನಲ್ಲಿ ಧಾರಾಳವಾಗಿ ಕೇಳಬಹುದು. ಪಿಂಚಣಿಯ ವಿಷಯವೂ ಹಾಗೆಯೇ. ಸಮಾನ ಶ್ರೇಣಿ ಸಮಾನ ಪಿಂಚಣಿ 2014ರ ಜುಲೈ 1ರಿಂದ ಅನ್ವಯವಾಗುವಂತೆ 2015ರ ನವೆಂಬರಿನಲ್ಲಿ ಆದೇಶವಾಗುವ ಮೊದಲೂ ಆಮೇಲೂ ಎಷ್ಟೋ ಪ್ರಶ್ನೆಗಳು ಎರಡೂ ಸದನಗಳಲ್ಲಿ ಬಂದಿವೆ. ಸೇನೆಗೆ ನಾಲ್ಕು ವರ್ಷದ ಅವಧಿಗೆ ಭರ್ತಿ ಮಾಡಿಕೊಳ್ಳುವ ಅಗ್ನಿಪಥ ಯೋಜನೆ 2022ರ ಜೂನ್‌ನಲ್ಲಿ ಪ್ರಕಟವಾದ ಮೇಲೆ, ನಾಲ್ಕು ವರ್ಷ ಮುಗಿಸಿದವರಲ್ಲಿ ಶೇಕಡಾ 25ರಷ್ಟು ಮಂದಿಯನ್ನು ಉಳಿಸಿಕೊಳ್ಳುವ ನಿಯಮದ ಬಗ್ಗೆಯೂ ಹಾಗೆಯೇ ಕೇಳಲಾಗಿದೆ.

ಆದರೆ ಯಾವ ಗಡಿಯಲ್ಲಿ ಎಷ್ಟು ಪಡೆ ಇದೆ, ಯಾವ ಆಯುಧದ ದಾಸ್ತಾನು ಎಷ್ಟಿದೆ ಎಂಬಂತಹ ಪ್ರಶ್ನೆಗಳಿಗೆ, ಅದನ್ನು ಬಹಿರಂಗಪಡಿಸುವುದು ರಾಷ್ಟ್ರದ ಹಿತಕ್ಕೆ ತಕ್ಕದ್ದಲ್ಲವೆಂದು ಸಚಿವರು ನಿರಾಕರಿಸಬಹುದು. ಸ್ವಭಾವತಃ ಗುಪ್ತವಾದ ವಿಷಯಗಳನ್ನು ಪ್ರಶ್ನೆಯ ರೂಪದಲ್ಲಿ ಕೇಳಬಾರದೆಂದು ನಿಯಮಗಳೇ ಹೇಳುತ್ತವೆ. ಹಾಗೆಂದು ಅವುಗಳನ್ನು ಪರಿಶೀಲಿಸುವವರೇ ಇಲ್ಲವೆಂದಲ್ಲ. 1993ರಿಂದ ಇರುವ ಇಲಾಖಾವಾರು ಸ್ಥಾಯಿ ಸಮಿತಿಗಳಲ್ಲಿ ರಕ್ಷಣೆಗೂ ಒಂದು ಸಮಿತಿ ಇದ್ದು, ಅದು ಬಾಗಿಲು ಮುಚ್ಚಿ ಅಧಿಕಾರಿಗಳನ್ನು ವಿಚಾರಿಸುತ್ತದೆ. ನನ್ನ ಅಭಿಪ್ರಾಯವನ್ನೂ ಹೇಳುತ್ತೇನೆ: ಗೋಪ್ಯತೆ ಇರಬೇಕಾದಲ್ಲಿ ಇರಲಿ, ಅದು ಕಾಯಬೇಕಾದ್ದು ಗಡಿಯನ್ನು, ಔಷಧಿಯ ಕೊರತೆಗೆ ಅದು ಮರೆಯಾಗಬಾರದು.

ಸೇನೆಗೂ ಸಂಸತ್ತಿಗೂ ಇರುವ ಈ ಸಂಬಂಧವನ್ನು ನಮ್ಮ ಜಿಲ್ಲೆಯವರು ಮರೆಯಲಾರರು. ಮಡಿಕೇರಿಯ ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾಗಿದ್ದಾಗ, ರಕ್ಷಣಾ ಸಚಿವ ಕೃಷ್ಣ ಮೆನನ್ ಅವರೊಂದಿಗಿನ ಭಿನ್ನಾಭಿಪ್ರಾಯದಿಂದ 1959ರ ಆಗಸ್ಟ್ 31ರಂದು ರಾಜೀನಾಮೆ ಕೊಟ್ಟು, ಪ್ರಧಾನಿ ನೆಹರೂ ಅವರ ಮಾತಿಗೆ ಅದನ್ನು ಹಿಂದಕ್ಕೆ ಪಡೆದರು. ಸುದ್ದಿ ಹೊರಬಿದ್ದ ಮೇಲೆ ನೆಹರೂ ಅವರೇ ಸೆಪ್ಟೆಂಬರ್ 2ರಂದು ಸಂಸತ್ತಿನಲ್ಲಿ ಹೇಳಿಕೆ ಕೊಡಬೇಕಾಯಿತು. ಸೇನೆಯ ಒಳಗಿನ ವಿಷಯವೆಂದು ಅದನ್ನು ಸದನದಿಂದ ದೂರವಿಡಲು ಆಗಲಿಲ್ಲ.

ಕೊಡವರು ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿಯ ಬಗ್ಗೆಯೂ ಹಲವರು ರಕ್ಷಣಾ ಸಚಿವರನ್ನು ಕೇಳಬೇಕೆಂದು ತಿಳಿದಿದ್ದಾರೆ. ಅದು ಆಯುಧ ಕಾಯ್ದೆಯ ವಿಷಯವಾದ್ದರಿಂದ ಕೇಂದ್ರ ಗೃಹ ಸಚಿವಾಲಯಕ್ಕೆ ಸೇರುತ್ತದೆ. ಈಗಿನ ವಿನಾಯಿತಿ 2029ರ ಅಕ್ಟೋಬರ್‌ವರೆಗೆ ಇದೆ.

ಪ್ರಶ್ನೆ: ಸರ್, ನಾನು ಮಡಿಕೇರಿಯಲ್ಲಿ ಬಿ.ಎ. ಓದುತ್ತಿದ್ದೇನೆ. ಲೋಕಸಭೆಯಲ್ಲಿ ದಿನಕ್ಕೆ 20 ಪ್ರಶ್ನೆ ಎಂದು ಪುಸ್ತಕದಲ್ಲಿದೆ. ಟಿವಿಯಲ್ಲಿ ನೋಡಿದರೆ ಐದಾರು ಮಾತ್ರ ಬರುತ್ತವೆ. ಉಳಿದವು ಏನಾಗುತ್ತವೆ?

ಉತ್ತರ: ನಿನ್ನ ಪುಸ್ತಕ ಸರಿಯಾಗಿಯೇ ಇದೆ, ಮಗು. ಆ 20 ಚುಕ್ಕೆ ಗುರುತಿನ ಪ್ರಶ್ನೆಗಳು, ಅಂದರೆ ಸಚಿವರು ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರಿಸಬೇಕಾದವು. ಅವುಗಳ ಮೇಲೆ ಸದಸ್ಯರು ಉಪಪ್ರಶ್ನೆ ಕೇಳಬಹುದು, ಸಮಯ ಹೋಗುವುದು ಅದರಲ್ಲಿಯೇ. ಒಂದು ಗಂಟೆ ಮುಗಿದಾಗ ಉಳಿದ ಪ್ರಶ್ನೆಗಳ ಉತ್ತರವನ್ನು ಲಿಖಿತವಾಗಿ ಮೇಜಿನ ಮೇಲಿಡುತ್ತಾರೆ. 2019ರ ನವೆಂಬರ್ 27ರಂದು 20 ಪ್ರಶ್ನೆಗಳೂ ಸದನದಲ್ಲಿ ಮುಗಿದದ್ದು ಸುದ್ದಿಯಾಯಿತು, ಏಕೆಂದರೆ 1972ರ ನಂತರ ಹಾಗಾಗಿದ್ದು ಅದೇ ಮೊದಲು. ಇವಲ್ಲದೆ ಲಿಖಿತ ಉತ್ತರಕ್ಕಾಗಿಯೇ ಇರುವ 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳೂ ದಿನವೂ ಇರುತ್ತವೆ. ಜಿಲ್ಲಾವಾರು ಅಂಕಿ ಬೇಕಾದರೆ ಅವುಗಳ ಉತ್ತರಗಳಲ್ಲಿ ಹುಡುಕು. ಸಂಸತ್ತಿನ ಜಾಲತಾಣದಲ್ಲಿ ಎಲ್ಲವೂ ಸಿಗುತ್ತವೆ.

ಪ್ರಶ್ನೆ (ಮೊದಲಿನ ಸದಸ್ಯೆಯಿಂದ): ಸರ್, ನೀವು ಹೇಳಿದಂತೆ ಮತ್ತೆ ಬರೆದಿದ್ದೇನೆ. "ಕೊಡಗಿನ ಮಕ್ಕಳಿಗೆ ಆಗುತ್ತಿರುವ ಘೋರ ಅನ್ಯಾಯವನ್ನು ಸರ್ಕಾರ ಯಾವಾಗ ಸರಿಪಡಿಸುವುದು? ಶಿಕ್ಷಕರನ್ನು ನೇಮಿಸದಿದ್ದರೆ ಶಾಲೆ ಮುಚ್ಚುವುದಿಲ್ಲವೇ?" ಇದು ಸರಿಯೇ?

ಉತ್ತರ: ಮೇಡಂ, ನಿಮ್ಮ ನೋವು ಸತ್ಯವಾದದ್ದು. ಆದರೆ ಈ ರೂಪದಲ್ಲಿ ಇದು ಶಾಖೆಯ ಮೇಜನ್ನು ದಾಟುವುದು ಕಷ್ಟ. ಪ್ರಶ್ನೆಯಲ್ಲಿ ವಾದ, ಆರೋಪ, ವಿಶೇಷಣ ಇರಬಾರದು. ಮುಂದೆ ಹೀಗಾದರೆ ಏನು ಎಂಬ ಊಹೆಯನ್ನೂ ಕೇಳಬಾರದು. ಹೀಗೆ ಬರೆದುಕೊಡಿ:

ಅ) ಕೊಡಗು ಜಿಲ್ಲೆಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಮಂಜೂರಾದ, ಭರ್ತಿಯಾದ ಮತ್ತು ಖಾಲಿ ಇರುವ ಶಿಕ್ಷಕರ ಹುದ್ದೆಗಳೆಷ್ಟು (ತಾಲ್ಲೂಕುವಾರು ವಿವರ ನೀಡುವುದು);

ಆ) ಅವುಗಳಲ್ಲಿ ಒಬ್ಬರೇ ಕಾಯಂ ಶಿಕ್ಷಕರಿರುವ ಶಾಲೆಗಳು ಯಾವುವು, ಪ್ರತಿ ಶಾಲೆಯಲ್ಲಿ ದಾಖಲಾದ ಮಕ್ಕಳ ಸಂಖ್ಯೆ ಎಷ್ಟು (ಪಟ್ಟಿ ಒದಗಿಸುವುದು);

ಇ) ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಎರಡನೆಯ ಶಿಕ್ಷಕರನ್ನು ಈ ಶಾಲೆಗಳಿಗೆ ಯಾವ ದಿನಾಂಕದೊಳಗೆ ಒದಗಿಸಲಾಗುವುದು?

ಇನ್ನೊಂದು ವಿಷಯ ನಿಮಗೆ ತಿಳಿದಿರಲಿ. ಇಂತಹ ಪ್ರಶ್ನೆ ಸದನದಿಂದ ಇಲಾಖೆಗೆ ಹೋಗಿ, ಅಲ್ಲಿಂದ ಉಪನಿರ್ದೇಶಕರ ಕಚೇರಿಗೆ, ಅಲ್ಲಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬಂದು, ಕೊನೆಗೆ "ವಿಧಾನಸಭೆ ಪ್ರಶ್ನೆ, ಅತಿ ಜರೂರು" ಎಂಬ ತಲೆಬರಹದೊಂದಿಗೆ ನಿಮ್ಮ ಮುಖ್ಯಶಿಕ್ಷಕರ ಮೊಬೈಲಿಗೇ ಬರುತ್ತದೆ, ಸಂಜೆಯೊಳಗೆ ಅಂಕಿ ಕಳುಹಿಸಬೇಕೆಂದು. ಸಚಿವರು ಓದುವ ಸಂಖ್ಯೆ ಹುಟ್ಟುವುದು ನಿಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿ. ಅತಿಥಿ ಶಿಕ್ಷಕರನ್ನು ಕಾಯಂ ಕಾಲಮ್ಮಿನಲ್ಲಿ ಸೇರಿಸಿ ಬರೆದುಬಿಟ್ಟರೆ ಸದನದಲ್ಲಿ ನಿಮ್ಮ ಶಾಲೆಗೆ ಕೊರತೆಯೇ ಇಲ್ಲವೆಂದಾಗುತ್ತದೆ. ಅಂತಹ ಪಟ್ಟಿಯೊಂದನ್ನು ನಾನೇ ಕಂಡಿದ್ದೇನೆ, ಅದನ್ನು ಸರಿಪಡಿಸಲು ಮುಂದಿನ ಅಧಿವೇಶನದವರೆಗೆ ಕಾಯಬೇಕಾಯಿತು. ಮನವಿ ಕೊಡುವ ಮೊದಲು ಎಸ್‌ಡಿಎಂಸಿ ಸಭೆಯಲ್ಲಿ ಕಾಯಂ ಮತ್ತು ಅತಿಥಿ ಶಿಕ್ಷಕರ ಕಾಲಮ್ಮುಗಳನ್ನು ಮುಖ್ಯಶಿಕ್ಷಕರೊಂದಿಗೆ ಕೂತು ಒಮ್ಮೆ ನೋಡಿ, ಸಹಿ ಮಾಡಿಸಿ, ಒಂದು ಪ್ರತಿಯನ್ನು ನಿಮ್ಮಲ್ಲಿ ಇಟ್ಟುಕೊಳ್ಳಿ. ಕರಡು ಸಿದ್ಧವಾದ ಮೇಲೆ ಇಲ್ಲಿ ಹಾಕಿ, ನೋಡಿಕೊಡುತ್ತೇನೆ.