ಎಳೆಮಕ್ಕಳು, ವಯಸ್ಸಾದವರ ರಕ್ತ ತೆಗೆಯುವಾಗ: ದಾವಣಗೆರೆ, ಚಿತ್ರದುರ್ಗದವರ ಅನುಭವ

ಕೇಳಿದ್ದು: ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಮುಗಿಸಿ ದಾವಣಗೆರೆಯ ಒಂದು ಲ್ಯಾಬ್‌ಗೆ ಸೇರಿದ್ದೇನೆ. ವರ್ಷದೊಳಗಿನ ಮಕ್ಕಳು, 75 ದಾಟಿದವರು ಬಂದರೆ ನರ (ರಕ್ತನಾಳ) ಸಿಗುವುದಿಲ್ಲ. ಸಿಕ್ಕರೂ ಸ್ಯಾಂಪಲ್ ಹಿಮೋಲೈಸ್ ಆಗಿದೆ (ಕೆಂಪು ಕಣ ಒಡೆದಿದೆ), ಕ್ಲಾಟ್ ಆಗಿದೆ (ಹೆಪ್ಪುಗಟ್ಟಿದೆ) ಅಂತ ವಾಪಸ್ ಬರುತ್ತದೆ. ಮನೆಗೆ ಹೋಗಿ ತೆಗೆಯುವ ಕೆಲಸವೂ ಇದೆ. ತಿಳಿದವರು ಹೇಳಿ.

ಮಕ್ಕಳ ವಾರ್ಡ್ ಸ್ಟಾಫ್ ನರ್ಸ್, ದಾವಣಗೆರೆ:
ಸೂಜಿ ಬಿಚ್ಚುವ ಮೊದಲು ಲೆಕ್ಕ ಹಾಕಿ. ಎಳೆಗೂಸಿನ ಮೈಯಲ್ಲಿ ಕೆಜಿಗೆ ಸುಮಾರು 80 ಮಿ.ಲೀ. ರಕ್ತ. ಮೂರು ಕೆಜಿ ಮಗು ಅಂದರೆ 240 ಮಿ.ಲೀ., ಅಷ್ಟೇ. 24 ಗಂಟೆಯಲ್ಲಿ ಕೆಜಿಗೆ ಎರಡೂವರೆ ಮಿ.ಲೀ. ದಾಟಬಾರದು, ಕಾಯಿಲೆ ಜೋರಿದ್ದರೆ ಇನ್ನೂ ಕಮ್ಮಿ. ಯಾವ ಟೆಸ್ಟಿಗೆ ಕನಿಷ್ಠ ಎಷ್ಟು ಬೇಕು ಅಂತ ಮೆಷಿನ್ ಮೇಲೆ ಕೂರುವವರನ್ನೇ ಕೇಳಿಕೊಂಡು ಹೋಗಿ. ಸಿಬಿಸಿಗೆ (ರಕ್ತಕಣಗಳ ಎಣಿಕೆಗೆ) ಅರ್ಧ ಮಿ.ಲೀ.ನ ಮಕ್ಕಳ ಇಡಿಟಿಎ ಟ್ಯೂಬ್ (ಹೆಪ್ಪುಗಟ್ಟದಂತೆ ಔಷಧ ಹಾಕಿದ್ದು) ಇಟ್ಟುಕೊಳ್ಳಿ. ದೊಡ್ಡವರ 2 ಮಿ.ಲೀ. ಟ್ಯೂಬಿಗೆ ಅರ್ಧ ಮಿ.ಲೀ. ಹಾಕಿದರೆ ಇಡಿಟಿಎ ಹೆಚ್ಚಾಗಿ ಕೆಂಪು ಕಣ ಕುಗ್ಗುತ್ತವೆ, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಸುಳ್ಳೇ ಕಮ್ಮಿ ಬರುತ್ತದೆ.

ಆರು ತಿಂಗಳೊಳಗಿನ ಮಗುವಿಗೆ ಸ್ವಲ್ಪವೇ ರಕ್ತ ಸಾಕಿದ್ದರೆ ಹಿಮ್ಮಡಿ. ಅಂಗಾಲಿನ ಕಡೆಯ ಎರಡು ಬದಿ ಮಾತ್ರ. ಹಿಮ್ಮಡಿಯ ಹಿಂದಿನ ಉಬ್ಬು, ನಡುಭಾಗ ಬೇಡ. ಅಲ್ಲಿ ಮೂಳೆ ಚರ್ಮಕ್ಕೆ ತೀರಾ ಹತ್ತಿರ, ತಾಗಿದರೆ ಮೂಳೆಗೇ ಸೋಂಕು ಹೋಗಬಹುದು. ಲ್ಯಾನ್ಸೆಟ್ (ಚುಚ್ಚುವ ಪುಟ್ಟ ಮೊನೆ) 2 ಮಿ.ಮೀ. ಆಳ ದಾಟಬಾರದು. ಬರೀ ಸೂಜಿಯಲ್ಲಿ ಚುಚ್ಚುವ ಅಭ್ಯಾಸ ಇನ್ನೂ ಕೆಲವರಿಗಿದೆ, ಅದರಲ್ಲಿ ಆಳ ಕೈಗೆ ಸಿಗುವುದಿಲ್ಲ. ಮೊದಲು ಬೆಚ್ಚಗಿನ ಬಟ್ಟೆ 3ರಿಂದ 5 ನಿಮಿಷ. 42 ಡಿಗ್ರಿ ಮೀರಿದರೆ ಚರ್ಮ ಸುಡುತ್ತದೆ. ಮೊದಲ ಹನಿ ಒರೆಸಿ ಬಿಡಿ, ಅದರಲ್ಲಿ ಅಂಗಾಂಶದ ನೀರು ಸೇರಿರುತ್ತದೆ. ಆಮೇಲೆ ಹಿಂಡಬೇಡಿ. ಹಿಂಡಿದ ರಕ್ತದಲ್ಲಿ ಪೊಟ್ಯಾಸಿಯಂ ಏರಿರುತ್ತದೆ, ಡಾಕ್ಟರು ಇಲ್ಲದ ಕಾಯಿಲೆಗೆ ತಲೆ ಕೆಡಿಸಿಕೊಳ್ಳುತ್ತಾರೆ.

ತಾಯಿ ಹಾಲು ಕೊಡುತ್ತಿರುವಾಗಲೇ ಚುಚ್ಚಿದರೆ ಮಗುವಿಗೆ ನೋವು ನಿಜಕ್ಕೂ ಕಮ್ಮಿ. ಅಜ್ಜಿ ಜೇನುತುಪ್ಪ ನೆಕ್ಕಿಸಲು ಬಂದರೆ ತಡೆಯಿರಿ, ವರ್ಷದೊಳಗಿನ ಮಗುವಿಗೆ ಜೇನು ಕೂಡದು.

ಲ್ಯಾಬ್ ಟೆಕ್ನಿಷಿಯನ್, ಚಿತ್ರದುರ್ಗ:
ಸ್ಯಾಂಪಲ್ ವಾಪಸ್ ಬರುವುದು ಬಹುಪಾಲು ನರದ ತಪ್ಪಲ್ಲ, ಕೈಯ ತಪ್ಪು. ಸ್ಪಿರಿಟ್ ಒರೆಸಿದ ಮೇಲೆ 30 ಸೆಕೆಂಡ್ ಆರಲು ಬಿಡಿ. ಹಸಿ ಇದ್ದರೆ ಉರಿಯುತ್ತದೆ, ಕಣವೂ ಒಡೆಯುತ್ತದೆ. ಸಣ್ಣ ನರಕ್ಕೆ 23 ಗೇಜ್ ನೀಲಿ ಬಟರ್‌ಫ್ಲೈ (ರೆಕ್ಕೆ ಇರುವ ಸಣ್ಣ ಸೂಜಿ), 2 ಮಿ.ಲೀ. ಸಿರಿಂಜ್. ವ್ಯಾಕ್ಯುಟೈನರ್‌ನ (ತಾನೇ ರಕ್ತ ಎಳೆಯುವ ನಿರ್ವಾತ ಟ್ಯೂಬ್) ಎಳೆತಕ್ಕೆ ಮಕ್ಕಳ ನರ, ಮುದುಕರ ನರ ಎರಡೂ ಮುಚ್ಚಿಕೊಳ್ಳುತ್ತವೆ. ಪ್ಲಂಜರ್ ನಿಧಾನ ಎಳೆಯಿರಿ. ರಕ್ತ ನಿಂತರೆ ಎಳೆತ ಸಡಿಲಿಸಿ ಒಂದೆರಡು ಸೆಕೆಂಡ್ ಬಿಡಿ, ತಾನೇ ಬರುತ್ತದೆ. ಟ್ಯೂಬಿಗೆ ಹಾಕುವಾಗ ಸೂಜಿಯಿಂದ ಒತ್ತಿ ಚಿಮ್ಮಿಸಬೇಡಿ. ಸೂಜಿ ಸುರಕ್ಷಿತವಾಗಿ ತೆಗೆದು, ಮುಚ್ಚಳ ಬಿಚ್ಚಿ, ಗೋಡೆಗುಂಟ ಇಳಿಸಿ.

ಕ್ಲಾಟ್‌ಗೆ ಕಾರಣ ಎರಡು: ತೆಗೆಯಲು ಹೊತ್ತಾಗುವುದು, ಟ್ಯೂಬ್ ತಿರುಗಿಸದಿರುವುದು. ನೇರಳೆ ಮುಚ್ಚಳದ (ಇಡಿಟಿಎ) ಟ್ಯೂಬ್ 8ರಿಂದ 10 ಸಲ, ನೀಲಿ ಮುಚ್ಚಳದ್ದು 3–4 ಸಲ ಮೆಲ್ಲಗೆ ತಲೆಕೆಳಗು ಮಾಡಿ. ಕುಲುಕುವುದಲ್ಲ. ನರದಿಂದ ತೆಗೆದಾಗ ನೀಲಿ ಮೊದಲು, ಆಮೇಲೆ ಕೆಂಪು ಅಥವಾ ಹಳದಿ, ಆಮೇಲೆ ನೇರಳೆ, ಕೊನೆಗೆ ಬೂದು. ಹಿಮ್ಮಡಿ, ಬೆರಳಿನದಾದರೆ ಉಲ್ಟಾ: ನೇರಳೆಯೇ ಮೊದಲು, ಯಾಕೆಂದರೆ ಹನಿ ಹನಿಯಾಗಿ ಬರುವ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಮಳೆಗಾಲದಲ್ಲಿ ಡೆಂಗಿ ಶಂಕೆ ಅಂತ ಬಂದ ಮಗುವಿನ ಬೆರಳ ರಕ್ತದಲ್ಲಿ ಪ್ಲೇಟ್‌ಲೆಟ್ ಕಮ್ಮಿ ತೋರಿಸಿದರೆ ಸ್ಮಿಯರ್ (ಗಾಜಿನ ಪಟ್ಟಿ ಮೇಲೆ ಸವರಿದ ರಕ್ತ) ನೋಡಿ, ನರದಿಂದ ಇನ್ನೊಂದು ತೆಗೆಯಿರಿ. ಕಣ ಗುಂಪುಗಟ್ಟಿ ಲೆಕ್ಕ ತಪ್ಪಿರಬಹುದು.

ಮನೆ ಮನೆಗೆ ಹೋಗಿ ಸ್ಯಾಂಪಲ್ ತರುವವರು, ಜಗಳೂರು ಕಡೆ:
ವಯಸ್ಸಾದವರ ವಿಷಯ ನಾನು ಹೇಳುತ್ತೇನೆ. ‘ಖಾಲಿ ಹೊಟ್ಟೆ’ ಅಂದರೆ ನೀರೂ ಕುಡಿಯಬಾರದು ಅಂತ ರಾತ್ರಿಯಿಂದ ಬಾಯಿ ಒಣಗಿಸಿಕೊಂಡು ಕೂತಿರುತ್ತಾರೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ನರ ಎಲ್ಲಿಂದ ಸಿಗಬೇಕು? ಬರೀ ನೀರು ಕುಡಿಯಬಹುದು ಅಂತ ಹಿಂದಿನ ದಿನವೇ ಫೋನಿನಲ್ಲಿ ಹೇಳಿ. ಕಿಡ್ನಿ, ಹೃದಯದ ತೊಂದರೆಗೆ ನೀರು ಮಿತಿ ಹಾಕಿದ್ದರೆ ಆ ಮಿತಿಯೊಳಗೆ.

ಟೂರ್ನಿಕೆಟ್ (ತೋಳಿಗೆ ಕಟ್ಟುವ ಪಟ್ಟಿ) ಬರಿಮೈ ಮೇಲೆ ಬೇಡ, ತೋಳಿನ ಬಟ್ಟೆ ಮೇಲೆ, ಚುಚ್ಚುವ ಜಾಗದಿಂದ ನಾಲ್ಕು ಬೆರಳು ಮೇಲಕ್ಕೆ, ಒಂದು ನಿಮಿಷದೊಳಗೆ ಬಿಚ್ಚಿ. ನರ ಹುಡುಕುವುದಕ್ಕೇ ನಿಮಿಷ ಹೋದರೆ ಬಿಚ್ಚಿ ಎರಡು ನಿಮಿಷ ಬಿಟ್ಟು ಮತ್ತೆ ಕಟ್ಟಿ. ಮುಷ್ಟಿ ಮಡಿಚಿ ಬಿಚ್ಚಿಸುವುದು, ನರಕ್ಕೆ ತಟ್ಟುವುದು ಬೇಡವೇ ಬೇಡ. ಅವರ ನರ ಉಬ್ಬಿ ಕಂಡರೂ ಜಾರುತ್ತದೆ, ಹಗ್ಗದ ಹಾಗೆ. ಚುಚ್ಚುವ ಜಾಗದಿಂದ ಒಂದೆರಡು ಅಂಗುಲ ಕೆಳಗೆ ಹೆಬ್ಬೆರಳಿಂದ ಚರ್ಮ ಬಿಗಿಹಿಡಿದು, 15 ಡಿಗ್ರಿ ಓರೆಯಲ್ಲಿ ಹೋಗಿ. ಮೊಣಕೈ ಒಳಮಗ್ಗುಲಿನ, ಅಂದರೆ ಕಿರುಬೆರಳ ಕಡೆಯ, ನರ ಕೊನೆಯ ಆಯ್ಕೆಯಾಗಿರಲಿ, ಅದರ ಹತ್ತಿರವೇ ಅಪಧಮನಿಯೂ ಸಂವೇದನೆಯ ನರವೂ ಇವೆ. ‘ಕರೆಂಟ್ ಹೊಡೆದ ಹಾಗಾಯ್ತು’ ಅಂದರೆ ಆ ಕ್ಷಣ ಸೂಜಿ ಹೊರಕ್ಕೆ.

ಡಯಾಲಿಸಿಸ್ ಫಿಸ್ಟುಲಾ (ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿದ್ದು) ಇರುವ ಕೈ ಮುಟ್ಟಬೇಡಿ. ಸ್ತನ ತೆಗೆದ ಕಡೆಯ ಕೈ, ಡ್ರಿಪ್ ಹಾಕಿರುವ ಕೈ ಕೂಡ ಬಿಡಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಾರಾ ಅಂತ ಕೇಳಿ. ಹೌದಾದರೆ ಕೈ ಚಾಚಿಸಿಯೇ ಕನಿಷ್ಠ 5 ನಿಮಿಷ ಒತ್ತಿ. ಮೊಣಕೈ ಮಡಚಿದರೆ ಒಳಗೇ ರಕ್ತ ಸೋರಿ ನೀಲಿಗಟ್ಟುತ್ತದೆ. ಅಂಟುಪಟ್ಟಿ ಕಿತ್ತರೆ ಚರ್ಮವೂ ಬರುತ್ತದೆ, ಗಾಜ್ ಇಟ್ಟು ಬ್ಯಾಂಡೇಜ್ ಸಡಿಲಾಗಿ ಸುತ್ತಿ.

ಮೊದಲಿನ ಸ್ಟಾಫ್ ನರ್ಸ್, ಮತ್ತೆ:
ಒಂದು ಸೇರಿಸುತ್ತೇನೆ. ಹೆಚ್ಚು ರಕ್ತ ಬೇಕಿದ್ದರೆ ಹಿಮ್ಮಡಿಗಿಂತ ಅಂಗೈ ಹಿಂಬದಿಯ ನರವೇ ಮೇಲು, ಕೈ ಪಳಗಿದವರಿಗೆ ಮಾತ್ರ. ಯಾರಿಗೇ ಆದರೂ ಎರಡು ಸಲ ತಪ್ಪಿದರೆ ಬೇರೆಯವರನ್ನು ಕರೆಯಿರಿ. ಮರ್ಯಾದೆ ಪ್ರಶ್ನೆ ಮಾಡಿಕೊಂಡು ಮೂರನೆಯದಕ್ಕೆ ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಲ್ಯಾಬ್ ಟೆಕ್ನಿಷಿಯನ್, ಚಿತ್ರದುರ್ಗ:
ಮನೆ ಸ್ಯಾಂಪಲ್‌ಗೆ ಇನ್ನೆರಡು ಮಾತು. ಲೇಬಲ್ ರೋಗಿಯ ಪಕ್ಕದಲ್ಲೇ, ರಕ್ತ ತುಂಬಿದ ಮೇಲೆ, ಹೆಸರು ವಯಸ್ಸು ಅವರ ಬಾಯಿಂದಲೇ ಹೇಳಿಸಿ ಬರೆಯಿರಿ. ‘ನೀವು ಬಸಮ್ಮ ತಾನೆ?’ ಅಂದರೆ ಕಿವಿ ಕೇಳದವರೂ ಹೂಂ ಅನ್ನುತ್ತಾರೆ. ಶುಗರ್‌ಗೆ ಬೂದು ಟ್ಯೂಬೇ ಆಗಬೇಕು. ಕೆಂಪು ಟ್ಯೂಬಿನಲ್ಲಿ ಗಂಟೆ ಗಂಟೆಗೂ ಗ್ಲೂಕೋಸ್ ಇಳಿಯುತ್ತದೆ. ಪೊಟ್ಯಾಸಿಯಂ ಬರೆದಿದ್ದರೆ ಸೆಂಟ್ರಿಫ್ಯೂಜ್ ಮಾಡದ (ಮೆಷಿನ್‌ನಲ್ಲಿ ತಿರುಗಿಸಿ ಕಣ ಬೇರ್ಪಡಿಸದ) ರಕ್ತವನ್ನು ಐಸ್ ಮೇಲೆ ಇಡಬೇಡಿ, ಬಿಸಿಲಿಗೆ ಕಾದ ಬೈಕ್ ಬಾಕ್ಸಿನಲ್ಲೂ ಇಡಬೇಡಿ. ಸೂಜಿಗೆ ಮತ್ತೆ ಮುಚ್ಚಳ ಹಾಕದೆ, ತೂತು ಬೀಳದ ಬಿಳಿ ಡಬ್ಬಿಗೆ ಅಲ್ಲೇ ಹಾಕಿ. ಆ ಡಬ್ಬಿ ಬ್ಯಾಗಿನಲ್ಲಿ ಇಲ್ಲದೆ ಮನೆ ಕಲೆಕ್ಷನ್‌ಗೆ ಹೊರಡಲೇಬೇಡಿ.