ಗಿಟಾರ್ ಟ್ಯಾಬ್ ನೋಡಿ ನುಡಿಸಿದ್ರೆ ಹಾಡು ಹಾಡಿನ ಹಾಗೆ ಕೇಳುದೇ ಇಲ್ಲ, ಎಂತ ತಪ್ಪು?

ಅಡಿಕೆತೋಟ_ಬದಿಯಡ್ಕ:
ನಮಸ್ಕಾರ ಎಲ್ರಿಗೂ. ವಯಸ್ಸು 38, ಈಗ ಗಿಟಾರ್ ಕಲಿಲಿಕ್ಕೆ ಹೊರಟದ್ದು, ನಗಾಡ್ಬೇಡಿ. ಭಾವ ದುಬೈಗೆ ಹೋಗುವಾಗ ಅವರ ಗಿಟಾರ್ ನಮ್ಮಲ್ಲಿ ಬಿಟ್ಟು ಹೋದ್ರು, ಎರಡು ವರ್ಷ ಅಟ್ಟದಲ್ಲೇ ಇತ್ತು, ಈ ಸಲ ಅಡಿಕೆ ಸುಲಿದಾದ ಮೇಲೆ ಇಳಿಸಿದೆ. ಇಲ್ಲಿ ಹತ್ರ ಕಲಿಸುವವರಿಲ್ಲ, ಮಂಗಳೂರಿಗೆ ಹೋಗಿ ಬರುದು ಅಂದ್ರೆ ಒಂದು ದಿನ ಹೋಯ್ತು. ಹಾಗೆ ನೆಟ್ಟಲ್ಲಿ ಟ್ಯಾಬ್ ಹುಡುಕಿ ಕೂತದ್ದು. ಆರು ಗೆರೆ ಅಂದ್ರೆ ಆರು ತಂತಿ, ನಂಬರ್ ಅಂದ್ರೆ ಎಷ್ಟನೇ ಫ್ರೆಟ್ (ಗಿಟಾರಿನ ಕತ್ತಿನಲ್ಲಿರುವ ಮನೆ) ಒತ್ತುದು ಅಂತ, ಸೊನ್ನೆ ಇದ್ರೆ ಒತ್ತದೆ ಮೀಟುದು, ಇಷ್ಟು ಅರ್ಥ ಆಯ್ತು. ಆದ್ರೆ ಬಾಯಿಪಾಠ ಇರುವ ಒಂದು ಮಲಯಾಳಂ ಹಾಡಿನದ್ದೇ ಟ್ಯಾಬ್ ಹಿಡ್ಕೊಂಡು ನುಡಿಸಿದ್ರೆ ಮೇಲಿನ ಗೆರೆಯ ಸ್ವರ ಸರಿ ಇದ್ದ ಹಾಗೆ ಕೇಳ್ತದೆ, ಆದ್ರೆ ಗಂಟಲು ಕಟ್ಟಿದವನ ಹಾಗೆ ದಪ್ಪ, ಎರಡನೇ ಗೆರೆಗೆ ಬರುವಾಗ ಹಾಡು ಎಲ್ಲಿಗೋ ಹೋಗಿ ಬಿಡ್ತದೆ. ಮಗಳು ಬಂದು “ಅಪ್ಪಾ, ಬಾವಿಯ ರಾಟೆಗೆ ಎಣ್ಣೆ ಹಾಕ್ಲಿಕ್ಕುಂಟಾ” ಕೇಳಿದ್ಳು.

ಮತ್ತೆ ನಡುವಲ್ಲಿ ಎಚ್, ಪಿ ಅಂತ ಇಂಗ್ಲಿಷ್ ಅಕ್ಷರ ಎಂತಕ್ಕೆ? ಒಂದರ ಕೆಳಗೆ ಒಂದು ಐದು ನಂಬರ್ ಇದ್ರೆ ಯಾವುದನ್ನು ಮೊದಲು ಮೀಟುದು?

ಬೇಳದ_ಬಾಸ್:
ಮಗಳು ಹೇಳಿದ್ದು ಕೇಳಿ ನಗು ಬಂತು, ಕ್ಷಮಿಸಿ ಅಣ್ಣ 😄 ನಾನು ಇಗರ್ಜಿ ಕ್ವಾಯರಲ್ಲಿ ನುಡಿಸುವವ. ನೀವು ಟ್ಯಾಬನ್ನು ತಲೆಕೆಳಗೆ ಓದಿದ್ದೀರಿ, ಪಕ್ಕಾ. ಗಿಟಾರ್ ಹಿಡ್ಕೊಂಡಾಗ ಮೇಲೆ ಇರುದು ದಪ್ಪ ತಂತಿ, ಹಾಗಾಗಿ ಮೇಲಿನ ಗೆರೆಯೂ ಅದೇ ಅಂತ ಎಲ್ರೂ ಗ್ರಹಿಸ್ತಾರೆ. ಟ್ಯಾಬಲ್ಲಿ ಮೇಲಿನ ಗೆರೆ ಸಪೂರ ತಂತಿ, ಅದೇ 1ನೇದು, ಕೆಳಗಿನದ್ದು ದಪ್ಪ, 6ನೇದು. ಗಿಟಾರನ್ನು ಮಡಿಲಲ್ಲಿ ಅಂಗಾತ ಮಲಗಿಸಿ ನೋಡಿ, ದಪ್ಪ ತಂತಿ ನಿಮ್ಮ ಹೊಟ್ಟೆ ಹತ್ರ, ಸಪೂರದ್ದು ಆಚೆ, ಟ್ಯಾಬ್ ಪೇಪರ್ ಎದುರಿಗಿಟ್ರೆ ಹಾಗೆಯೇ ಕಾಣ್ತದೆ. ಮೇಲಿನ ಗೆರೆ ಮಾತ್ರ ಸರಿ ಕೇಳಿದ್ದು ಎಂತಕ್ಕೆ ಅಂದ್ರೆ 1 ಮತ್ತೆ 6 ಎರಡೂ ಇ ಸ್ವರವೇ, ಎರಡು ಸ್ಥಾಯಿ ವ್ಯತ್ಯಾಸ ಅಷ್ಟೇ. 2ನೇದು ಬಿ, 5ನೇದು ಎ, ಅಲ್ಲಿ ನಿಮ್ಮ ರಾಟೆ ಶುರು.

ಬೇಜಾರು ಬೇಡ, 1507ರಲ್ಲಿ ವೆನಿಸಿನಲ್ಲಿ ಲ್ಯೂಟ್ ಅಂತ ಒಂದು ವಾದ್ಯಕ್ಕೆ ಟ್ಯಾಬ್ ಪುಸ್ತಕ ಪ್ರಿಂಟ್ ಆಗಿತ್ತು, ಇಟಲಿಯವರ ಆ ಪದ್ಧತಿಯಲ್ಲಿ ಮೇಲಿನ ಗೆರೆಯೇ ದಪ್ಪ ತಂತಿ. ಅಲ್ಲಿ ಹುಟ್ಟಿದ್ರೆ ನೀವು ಪಾಸು.

ಎಚ್ ಅಂದ್ರೆ ಹ್ಯಾಮರ್-ಆನ್, ಒಂದು ಸಲ ಮೀಟಿ ಎರಡನೇ ಸ್ವರಕ್ಕೆ ಎಡಗೈ ಬೆರಳಲ್ಲೇ ಕುಟ್ಟುದು. ಪಿ ಅದರ ಉಲ್ಟಾ, ಬೆರಳನ್ನು ಸ್ವಲ್ಪ ಕೆಳಗೆ ಎಳೆದು ಬಿಡುದು. ಒಂದರ ಕೆಳಗೆ ಒಂದು ಇದ್ರೆ ಎಲ್ಲ ಒಟ್ಟಿಗೆ, ಅದು ಕಾರ್ಡ್. ಮೇಲಿಂದ 0 1 0 2 3 ಅಂತ ಇದ್ದು 6ನೇದು ಖಾಲಿ ಇದ್ರೆ ಸಿ ಮೇಜರ್.

ಸುಮ್ನೆ_ಉಪ್ಪಳ:
ಟ್ಯಾಬ್ ಎಲ್ಲ ಬೇಡ ಮಾರ್ರೆ, ನಾಲ್ಕು ಕಾರ್ಡ್ ಕಲಿತು ಹಾಡಿಗೆ ಸ್ಟ್ರಮ್ ಮಾಡಿ, ಅಂದ್ರೆ ತಂತಿಗಳನ್ನು ಒಟ್ಟಿಗೆ ಮೀಟಿ, ನಾನು ಹಾಗೇ ಕಲಿತದ್ದು.

ಕುಂಬ್ಳೆ_ಪಿಟೀಲು:
ಸ್ಟ್ರಮ್ಮಿಂಗ್ ಬೇರೆ, ಹಾಡಿನ ಸ್ವರ ನುಡಿಸುದು ಬೇರೆ, ಅವರು ಕೇಳಿದ್ದು ಅದಲ್ಲ.

ನಾನು ಪಿಟೀಲು ಕಲಿತವಳು, ಗಿಟಾರ್ ತಮ್ಮನದ್ದು, ಅವನಿಲ್ಲದಾಗ ಮುಟ್ಟುದು. ಗೆರೆ ಸರಿ ಮಾಡಿದ್ರೂ ನಿಮಗೆ ಇನ್ನೊಂದು ತಲೆಬಿಸಿ ಬರ್ಲಿಕ್ಕುಂಟು, ನೆಟ್ಟಲ್ಲಿ ಜನ ಟೈಪ್ ಮಾಡಿ ಹಾಕುವ ಟ್ಯಾಬಲ್ಲಿ ಎಲ್ಲಿ ಒತ್ತುದು ಅಂತ ಇರ್ತದೆ, ಎಷ್ಟು ಹೊತ್ತು ಅಂತ ಹೆಚ್ಚಾಗಿ ಇರುದಿಲ್ಲ. ನಮ್ಮ ಸ್ವರ ಬರೆಯುವ ಕ್ರಮದಲ್ಲಿ ಎಳೆಯುವಲ್ಲಿ ಅಲ್ಪವಿರಾಮ ಹಾಕ್ತಾರೆ, ತಾಳದ ಗೆರೆ ಹಾಕ್ತಾರೆ, ಇಲ್ಲಿ ಅದೂ ಇಲ್ಲ. ಹಾಗಾಗಿ ಗೊತ್ತಿಲ್ಲದ ಹಾಡಿನ ಟ್ಯಾಬ್ ಹಿಡಿಯಲೇಬೇಡಿ. ಮೊದಲು ಗಿಟಾರ್ ಬದಿಗಿಟ್ಟು ತೊಡೆಯಲ್ಲಿ ತಾಳ ಹಾಕ್ಕೊಂಡು ಎರಡು ಸಾಲು ಬಾಯಲ್ಲಿ ಹೇಳಿ, ಅದು ಕೂತ ಮೇಲೆ ನಂಬರ್ ನೋಡಿ.

ಸಣ್ಣದಿರುವಾಗ ಸಂಗೀತಕ್ಕೆ ಹೋಗಿದ್ರೆ ಇದು ನೋಡಿ, ಸರಳೆಯ (ಕರ್ನಾಟಕ ಸಂಗೀತದ ಶುರುವಿನ ಪಾಠ) ಮೊದಲ ಆರೋಹಣ, ಮಾಯಾಮಾಳವಗೌಳ ರಾಗ, ಷಡ್ಜ ಸಿಯಲ್ಲಿ. ಸ ರಿ 5ನೇ ತಂತಿ, ಗ ಮ ಪ 4ನೇದು, ದ ನಿ ಸ 3ನೇದು.

1|-----------------|
2|-----------------|
3|-----------1-4-5-|
4|-----2-3-5-------|
5|-3-4-------------|
6|-----------------|

ರಿಯಿಂದ ಗಕ್ಕೆ ಹೋಗುವಾಗ ಮೂರು ಫ್ರೆಟ್ಟಿನ ದೊಡ್ಡ ಅಂತರ, ತಂತಿ ಬದಲಾಗುದರಿಂದ ಕಣ್ಣಿಗೆ ಗೊತ್ತಾಗುದಿಲ್ಲ, ಕಿವಿಗೆ ಗೊತ್ತಾಗ್ತದೆ. ಗಮಕ, ಅಂದ್ರೆ ಸ್ವರವನ್ನು ಅಲುಗಾಡಿಸುದು, ಬರುದಿಲ್ಲ, ಅದು ಈಗ ಬೇಡ.

ಮೊಬೈಲಲ್ಲಿ ಅಡ್ಡ ಹಿಡ್ದು ನೋಡಿ, ಇಲ್ಲದಿದ್ರೆ ಗೆರೆ ತುಂಡಾಗಿ ಕೆಳಗೆ ಬೀಳ್ತದೆ. ವಾಟ್ಸಾಪಿಗೆ ಕಾಪಿ ಮಾಡಿದ್ರೂ ನಂಬರ್ ಆಚೀಚೆ ಜಾರ್ತದೆ, ಸ್ಕ್ರೀನ್‌ಶಾಟ್ ತೆಗೆಯಿರಿ.

ಅಡಿಕೆತೋಟ_ಬದಿಯಡ್ಕ:
ಅಯ್ಯೋ ದೇವ್ರೇ, ಮೂರು ವಾರ ಉಲ್ಟಾ! ನಿನ್ನೆ ರಾತ್ರಿ ಗಿಟಾರ್ ಮಲಗಿಸಿ ನೋಡಿದೆ, ಬಾಸ್ ಹೇಳಿದ ಹಾಗೆಯೇ ಉಂಟು. ಮಲಯಾಳಂ ಹಾಡು ಮೊದಲ ಸಾಲು ಬಂತು, ನಿಧಾನಕ್ಕೆ, ಆದ್ರೂ ಅಡುಗೆ ಕೋಣೆಯಿಂದ ಹೆಂಡತಿ ಮುಂದಿನ ಸಾಲು ಹಾಡಿದ್ಳು, ಅಂದ್ರೆ ಗುರ್ತ ಸಿಕ್ಕಿತು ಅಂತಲೇ ಅಲ್ವಾ. ಸರಳೆಯೂ ಬಂತು ಅಕ್ಕ, ಆದ್ರೆ ನಿಯಲ್ಲಿ ಎಂತದೋ ಸರಿ ಇಲ್ಲ, 4ರಲ್ಲೇ ಒತ್ತಿದ್ರೂ ಸ್ವಲ್ಪ ಏರಿದ ಹಾಗೆ.

ಬೇಳದ_ಬಾಸ್:
ಎರಡು ವರ್ಷ ಅಟ್ಟದಲ್ಲಿದ್ದ ತಂತಿ ಅಲ್ವಾ, ಬೆರಳಿಗೆ ಕಪ್ಪು ಹಿಡೀತದಾ? ಹಾಗಾದ್ರೆ ತುಕ್ಕು, ಶ್ರುತಿ ಸರಿಯಾಗಿ ನಿಲ್ಲುದಿಲ್ಲ, ಹೊಸ ಸೆಟ್ ಹಾಕಿ, ಶುರುವಿಗೆ 10ರ ಸೆಟ್ (ಸಪೂರ ತಂತಿಗಳದ್ದು) ಬೆರಳಿಗೆ ಹಗುರ. ಮತ್ತೆ ಟ್ಯೂನರ್ ಆ್ಯಪ್ ಇಲ್ಲದಾಗ 6ನೇದರ 5ನೇ ಫ್ರೆಟ್ ಒತ್ತಿದ್ರೆ 5ನೇ ತಂತಿಯ ಸ್ವರ, ಹಾಗೆ ಕೆಳಗಿನವರೆಗೂ, 3ನೇದರಿಂದ 2ನೇದಕ್ಕೆ ಮಾತ್ರ 4ನೇ ಫ್ರೆಟ್, ಅಲ್ಲಿ ನಾನು ಎಷ್ಟು ಸಲ ತಂತಿ ತುಂಡು ಮಾಡಿದ್ದೇನೋ.

ಮಳೆ ಶುರುವಾದ್ರೆ ನಮ್ಮಲ್ಲಿ ತಂತಿ ಬೇಗ ಹೋಗ್ತದೆ, ನುಡಿಸಿ ಆದ ಮೇಲೆ ಒಣಗಿದ ಬೈರಾಸಲ್ಲಿ ಒರಸಿ. ಅಟ್ಟಕ್ಕೆ ಮಾತ್ರ ಇನ್ನು ಹಾಕ್ಬೇಡಿ.

ಅಡಿಕೆತೋಟ_ಬದಿಯಡ್ಕ:
ಕಪ್ಪು ಹಿಡೀತದೆ, ಅಡಿಕೆ ಚೊಗರು ಅಂತ ಗ್ರಹಿಸಿದ್ದೆ 🙈